ಲಕೋಟೆಯೊಳಗಿನ ಚೀಟಿ

ಎರಡನೇ ಮಹಾಯುದ್ಧ ಮುಗಿದಾಗ ಬ್ರಿಟನ್ನಿನ ಬೊಕ್ಕಸದಲ್ಲಿ ಡಾಲರಿಗೆ ಬರ. ಅಮೆರಿಕದ ರಟ್ಗರ್ಸ್‌ನಲ್ಲಿ 1943ರಲ್ಲಿ ಕಂಡುಹಿಡಿದ ಸ್ಟ್ರೆಪ್ಟೋಮೈಸಿನ್ ಕ್ಷಯಕ್ಕೆ ಮದ್ದಾದೀತೆಂಬ ಸುದ್ದಿ ಹಬ್ಬಿತ್ತು. ಆದರೆ ಬ್ರಿಟನ್ನಿಗೆ ಕೊಳ್ಳಲಾದದ್ದು ಸ್ವಲ್ಪವೇ. ಎಲ್ಲರಿಗೂ ಕೊಡುವಷ್ಟು ಔಷಧವೇ ಇಲ್ಲದಿರುವಾಗ, ಇರುವಷ್ಟನ್ನು ಕಟ್ಟುನಿಟ್ಟಾದ ಪರೀಕ್ಷೆಗೆ ಬಳಸುವುದೇ ನ್ಯಾಯವೆಂದು ಅಲ್ಲಿನ ವೈದ್ಯಕೀಯ ಸಂಶೋಧನಾ ಮಂಡಳಿ ನಿರ್ಧರಿಸಿತು.

ಪರೀಕ್ಷೆಯ ರೂಪುರೇಷೆ ಹಾಕಿದ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ವೈದ್ಯರಲ್ಲ. ವೈದ್ಯನಾಗುವ ಆಸೆಯಿದ್ದ ಅವರನ್ನು ಮೊದಲ ಮಹಾಯುದ್ಧದ ಕಾಲದಲ್ಲಿ ಕ್ಷಯವೇ ಹಾಸಿಗೆ ಹಿಡಿಸಿತ್ತು. ಅಂಚೆಯ ಮೂಲಕ ಅರ್ಥಶಾಸ್ತ್ರ ಓದಿ ಸಂಖ್ಯಾಶಾಸ್ತ್ರಕ್ಕೆ ಬಂದವರು.

ಈ ಪರೀಕ್ಷೆಗೆ ಮೊದಲು ಒಬ್ಬ ರೋಗಿಗೆ ಔಷಧ ಕೊಟ್ಟು, ಮುಂದಿನವನಿಗೆ ಬಿಟ್ಟು, ಸರದಿಯಂತೆ ಹೋಲಿಸುವ ರೂಢಿಯಿತ್ತು. ಮುಂದಿನ ಸರದಿ ಯಾವುದೆಂದು ವೈದ್ಯರಿಗೆ ಮೊದಲೇ ತಿಳಿಯುತ್ತಿದ್ದದ್ದೇ ಇದರ ತೊಡಕು. ಚೇತರಿಸಿಕೊಳ್ಳುವಂತೆ ಕಾಣುವವನನ್ನೇ ಔಷಧದ ಸರದಿಗೆ ಸೇರಿಸಿದರೆ, ಗುಣ ಕೊಟ್ಟದ್ದು ಮದ್ದೋ ಆಯ್ಕೆಯೋ? ಕೆಟ್ಟ ಬುದ್ಧಿಯೇ ಬೇಕಿಲ್ಲ, ಕನಿಕರವೊಂದೇ ಸಾಕು ಲೆಕ್ಕ ತಪ್ಪಿಸಲು.

ಹಿಲ್ ಯಾದೃಚ್ಛಿಕ ಸಂಖ್ಯೆಗಳ ಆಧಾರದ ಮೇಲೆ ಚೀಟಿಗಳನ್ನು ಸಿದ್ಧಪಡಿಸಿ, ಮೊಹರು ಮಾಡಿದ ಲಕೋಟೆಗಳಲ್ಲಿಟ್ಟರು. ಹೊರಗೆ ಆಸ್ಪತ್ರೆಯ ಹೆಸರು, ಕ್ರಮಸಂಖ್ಯೆ. ಒಳಗೆ ಎಸ್ ಅಥವಾ ಸಿ. ಎಸ್ ಬಂದರೆ ಇಂಜೆಕ್ಷನ್ ಮತ್ತು ವಿಶ್ರಾಂತಿ, ಸಿ ಬಂದರೆ ವಿಶ್ರಾಂತಿ ಮಾತ್ರ. ರೋಗಿಯನ್ನು ಪರೀಕ್ಷೆಗೆ ಒಪ್ಪಿಕೊಂಡ ಮೇಲೆಯೇ ಲಕೋಟೆ ಒಡೆಯಬೇಕು. ಎಕ್ಸ್‌ರೇ ನೋಡಿ ತೀರ್ಪು ಕೊಡುವ ತಜ್ಞರಿಗೂ ಅದು ಯಾರದೆಂದು ಗೊತ್ತಿರುತ್ತಿರಲಿಲ್ಲ. ಸಿ ಗುಂಪಿನವರಿಗೆ ತಾವು ಪರೀಕ್ಷೆಯಲ್ಲಿದ್ದೇವೆಂಬುದನ್ನೇ ಹೇಳಿರಲಿಲ್ಲ. ಇಂದು ಇದು ಸಲ್ಲದು, ಸಲ್ಲಲೂಬಾರದು.

1948ರ ಅಕ್ಟೋಬರ್‌ನಲ್ಲಿ ಫಲಿತಾಂಶ ಪ್ರಕಟವಾಯಿತು. ಆರು ತಿಂಗಳಲ್ಲಿ ಔಷಧ ಪಡೆದ 55 ಮಂದಿಯಲ್ಲಿ 4, ಪಡೆಯದ 52 ಮಂದಿಯಲ್ಲಿ 14 ಸಾವು. ಆದರೆ ಬಹುಮಂದಿಯಲ್ಲಿ ರೋಗಾಣು ಔಷಧಕ್ಕೆ ಜಗ್ಗದಂತಾಗಿತ್ತು; ವರ್ಷಗಳು ಕಳೆದಂತೆ ಎರಡು ಗುಂಪುಗಳ ಸಾವಿನ ಅಂತರ ಬಹುಪಾಲು ಕರಗಿತು. ಈ ಕೆಡುಕನ್ನೂ ಬಯಲಿಗೆಳೆದದ್ದು ಅದೇ ವಿಧಾನ. ಜೊತೆಗೆ ಪಿಎಎಸ್ ಎಂಬ ಇನ್ನೊಂದು ಔಷಧ ಸೇರಿಸಿದರೆ ರೋಗಾಣು ಹಾಗೆ ಬಲಿಯುವುದು ಬಹಳ ಕಡಿಮೆಯಾಗುತ್ತದೆಂದು ಮುಂದಿನ ಪರೀಕ್ಷೆ ತೋರಿಸಿತು.

ಆಮೇಲೆ ಇದೇ ವಿಧಾನ ಮದ್ರಾಸಿಗೆ ಬಂತು. 1956ರಲ್ಲಿ ಆರಂಭವಾದ ಅಲ್ಲಿನ ಕ್ಷಯ ಚಿಕಿತ್ಸಾ ಕೇಂದ್ರ, ಬಡ ರೋಗಿಗಳನ್ನು ಚೀಟಿಯಂತೆಯೇ ಎರಡು ಪಾಲು ಮಾಡಿತು: ಒಂದು ಪಾಲು ಸ್ಯಾನಟೋರಿಯಂಗೆ, ಇನ್ನೊಂದು ಇಕ್ಕಟ್ಟಾದ ಸ್ವಂತ ಮನೆಗೆ. ಇಬ್ಬರಿಗೂ ಅದೇ ಮಾತ್ರೆ. ಗುಣವಾಗುವುದರಲ್ಲಿ ದೊಡ್ಡ ವ್ಯತ್ಯಾಸವಿರಲಿಲ್ಲ, ಮನೆಮಂದಿಗೆ ಹೆಚ್ಚಿನ ಅಪಾಯವೂ ಕಾಣಲಿಲ್ಲ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ರೂಪಿಸಿದ, 1962ರಲ್ಲಿ ಜಾರಿಗೆ ಬಂದ ದೇಶದ ಕ್ಷಯ ನಿಯಂತ್ರಣ ಕಾರ್ಯಕ್ರಮ ಮನೆಯಲ್ಲೇ ಕೊಡುವ ಚಿಕಿತ್ಸೆಯನ್ನು ನೆಚ್ಚಿಕೊಂಡಿತು.