ಹಳೆಯ ತೋಪು, ಹೊಸ ಕಣ್ಣು

2025ರ ಮೇನಲ್ಲಿ ಕಾರವಾರದಲ್ಲಿ ಸೈರನ್ ಮೊಳಗಿಸಿ ಯುದ್ಧದ ಅಣಕು ಕವಾಯತು ನಡೆಯಿತು. ಅದೇ ತಿಂಗಳು ಗಡಿಯಲ್ಲಿ ಪಾಕಿಸ್ತಾನದ ಡ್ರೋನ್‌ಗಳ ಮೇಲೆ ಗುಂಡು ಸುರಿಸಿದ್ದರಲ್ಲಿ ಎಲ್-70 ಕೂಡ ಒಂದು. ಸ್ವೀಡನ್ನಿನ ಬೋಫೋರ್ಸ್ ಮೂಲದ, 1960ರ ದಶಕದ ತೋಪು! ಮ್ಯೂಸಿಯಂ ಸೇರಬೇಕಿದ್ದ ಮುದುಕ ಎಂದು ನಗುವವರಿದ್ದಾರೆ. ಆದರೆ ಅಗ್ಗದ ಡ್ರೋನಿಗೆ ಕೋಟಿಗಟ್ಟಲೆ ಬೆಲೆಯ ಕ್ಷಿಪಣಿ ಹಾರಿಸುವುದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಟ್ಟಂತೆ. ಎಲ್-70ರ 40 ಮಿಲಿಮೀಟರ್ ಗುಂಡು ಗುರಿಗೆ ತಾಗಲೇಬೇಕೆಂದಿಲ್ಲ. ಅದರ ಕೆಲವು ಬಗೆಗಳು ಹತ್ತಿರ ಸುಳಿದರೂ ಸಿಡಿದು ಚೂರುಗಳನ್ನು ಎರಚುತ್ತವೆ. ಬೆಂಗಳೂರಿನ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಈ ತೋಪಿಗೆ ವಿದ್ಯುತ್ ಚಾಲನೆ, ಹಗಲಿರುಳು ನೋಡುವ ಕ್ಯಾಮೆರಾ ಜೋಡಿಸಿದೆ. ಅದೇ ಸಂಸ್ಥೆಯ ‘ಆಕಾಶ್‌ತೀರ್’ ಜಾಲ ರಾಡಾರುಗಳನ್ನೂ ತೋಪುಗಳನ್ನೂ ಒಂದೇ ಚಿತ್ರಕ್ಕೆ ಪೋಣಿಸುತ್ತದೆ. ನನ್ನ ಪ್ರಕಾರ ತೋಪಿಗೆ ಮರುಜೀವ ಕೊಟ್ಟದ್ದು ನಳಿಕೆಯಲ್ಲ, ಈ ಕಣ್ಣು.

ಸುಮಾರು ನಾಲ್ಕು ಕಿಲೋಮೀಟರ್ ವ್ಯಾಪ್ತಿಯ ತೋಪು ಕ್ಷಿಪಣಿಯನ್ನು ತಡೆದೀತೇ ಎಂದರೆ, ಇಲ್ಲ. ಅದಕ್ಕೇ ಮೇಲೆ 25 ಕಿಲೋಮೀಟರ್ ವ್ಯಾಪ್ತಿಯ ‘ಆಕಾಶ್’ ಕ್ಷಿಪಣಿ, ಅದರಾಚೆ ವಾಯುಪಡೆಯ ಎಸ್-400 ಕ್ಷಿಪಣಿ ವ್ಯವಸ್ಥೆ. ಕರಾಚಿಯಿಂದ ಸಾವಿರ ಕಿಲೋಮೀಟರಿಗೂ ದೂರವಿರುವ ಕುಮಟಾ, ಭಟ್ಕಳಕ್ಕೆ ಇದೆಲ್ಲ ಏಕೆ ಎಂಬ ಆಕ್ಷೇಪವೂ ಅರ್ಧ ಸರಿ: ಇಲ್ಲಿ ಮೊದಲ ಕಾವಲು ನೌಕಾಪಡೆಯದು. ಆದರೆ ಡ್ರೋನ್ ಹಡಗಿನಿಂದಲೂ ಏಳಬಹುದು. ಹೊನ್ನಾವರದ ಶರಾವತಿಯ ಮೇಲೆ ಕೊಂಕಣ ರೈಲಿನ ಎರಡು ಕಿಲೋಮೀಟರಿಗೂ ಉದ್ದದ ಸೇತುವೆಯಿದೆ. ಅದು ತುಂಡಾದರೆ ಕರಾವಳಿಯ ರೈಲು ಸಂಚಾರವೇ ತುಂಡು. ಕದಲದ ಇಂಥ ಒಂದು ಜಾಗವನ್ನು ಸುತ್ತುವರಿದು ಕಾಯುವುದೇ ಈ ತೋಪುಗಳ ಮೂಲ ಕಸುಬು.