ಕಿವಿಯಲ್ಲಿ ಓದುವವರ ನಿಘಂಟು

ಪಠ್ಯಪುಸ್ತಕದಲ್ಲಿ ‘ಡಾ.’ ಎಂದು ಅಚ್ಚಾಗಿದ್ದರೆ ಕಣ್ಣಿದ್ದವರು ‘ಡಾಕ್ಟರ್’ ಎಂದೇ ಓದಿಕೊಳ್ಳುತ್ತಾರೆ. ಕಂಪ್ಯೂಟರಿಗೆ ಆ ಲೋಕಜ್ಞಾನವೆಲ್ಲಿ? ಹೇಳಿಕೊಡುವವರಿಲ್ಲದಿದ್ದರೆ ಅದು ‘ಡಾ’ ಎಂದಷ್ಟೇ ಉಸುರಿ, ಚುಕ್ಕಿ ಕಂಡೊಡನೆ ವಾಕ್ಯ ಮುಗಿಯಿತೆಂದು ನಿಂತುಬಿಡಬಹುದು. ಕಿವಿಯಿಂದಲೇ ಓದುವ ಅಂಧ ವಿದ್ಯಾರ್ಥಿಗೆ ಇಂಥ ತೊಡಕು ಪುಟಪುಟಕ್ಕೂ ಎದುರಾದರೆ ಪಾಠದ ಎಳೆಯೇ ತಪ್ಪಿಹೋಗುತ್ತದೆ.

ಪರದೆಯ ಮೇಲಿನ ಅಕ್ಷರಗಳನ್ನು ಓದಿ ಹೇಳುವ ತಂತ್ರಾಂಶಕ್ಕೆ ‘ಸ್ಕ್ರೀನ್ ರೀಡರ್’ ಎಂದು ಹೆಸರು. ಇವುಗಳಲ್ಲಿ ‘ಎನ್‌ವಿಡಿಎ’ ಉಚಿತವಾಗಿಯೇ ಸಿಗುತ್ತದೆ. ಆಸ್ಟ್ರೇಲಿಯಾದ ಮೈಕಲ್ ಕರನ್ 2006ರಲ್ಲಿ ಇದನ್ನು ಆರಂಭಿಸಿದರು. ಅನಂತರ ಜೇಮ್ಸ್ ಟೆ ಜೊತೆಗೂಡಿದರು. ಇಬ್ಬರೂ ಅಂಧರೇ ಎಂಬುದು ವಿಶೇಷ. ಇದರೊಂದಿಗೇ ಬರುವ ‘ಇಸ್ಪೀಕ್ ಎನ್‌ಜಿ’ ಧ್ವನಿ ಕನ್ನಡವನ್ನೂ ಓದುತ್ತದೆ.

ಉಚ್ಚಾರ ತಿದ್ದಲು ಇದರಲ್ಲೊಂದು ಪುಟ್ಟ ನಿಘಂಟಿದೆ. ಇನ್ಸರ್ಟ್ ಕೀಲಿ ಹಿಡಿದು ‘ಎನ್’ ಒತ್ತಿದರೆ ಮೆನು ತೆರೆಯುತ್ತದೆ. ಅಲ್ಲಿ ‘ಪ್ರಿಫರೆನ್ಸಸ್’, ಅದರೊಳಗೆ ‘ಸ್ಪೀಚ್ ಡಿಕ್ಷನರೀಸ್’. ನಿಘಂಟುಗಳು ಮುಖ್ಯವಾಗಿ ಮೂರು: ಎಲ್ಲ ಧ್ವನಿಗಳಿಗೂ ಅನ್ವಯಿಸುವುದು ಒಂದು, ಆಯ್ದ ಒಂದೇ ಧ್ವನಿಗೆ ಇನ್ನೊಂದು, ತಂತ್ರಾಂಶವನ್ನು ಮುಚ್ಚಿದೊಡನೆ ಅಳಿಸಿಹೋಗುವ ತಾತ್ಕಾಲಿಕ ನಿಘಂಟು ಮತ್ತೊಂದು. ‘ಆಡ್’ ಒತ್ತಿ, ಮೊದಲ ಸಾಲಿನಲ್ಲಿ ಪುಸ್ತಕದಲ್ಲಿರುವ ರೂಪ, ಎರಡನೆಯದರಲ್ಲಿ ಹೇಗೆ ನುಡಿಯಬೇಕೋ ಆ ರೂಪ ಬರೆದರಾಯಿತು. ಇಲ್ಲಿ ಕಾಗುಣಿತ ಮುಖ್ಯವಲ್ಲ, ಕಿವಿಗೆ ಕೇಳಿದ್ದೇ ಪ್ರಮಾಣ. ಮೂಲ ಪುಸ್ತಕದ ಅಕ್ಷರ ಬದಲಾಗುವುದಿಲ್ಲ. ಬದಲಾಗುವುದು ಮಾತು ಮಾತ್ರ.

ಆದರೆ ಯಂತ್ರ ಹೇಳಿದಷ್ಟೇ ಮಾಡುತ್ತದೆ! ಚುಕ್ಕಿ ಬಿಟ್ಟು ಬರಿದೇ ‘ಡಾ’ ಎಂದರೆ ‘ಡಾಕ್ಟರ್’ ಎನ್ನು ಎಂದು ಕಲಿಸಿದರೆ ರಸ್ತೆಯ ಡಾಂಬರೂ ಡಾಕ್ಟರಾದೀತು. ಚುಕ್ಕಿ ಸೇರಿಸಿದರೂ, ವಾಕ್ಯದ ಕೊನೆಯಲ್ಲಿ ಕೆನಡಾ ಬಂದರೆ ‘ಕೆನಡಾಕ್ಟರ್’! ಇಂಗ್ಲಿಷಿನಲ್ಲೂ ಹಾಗೆಯೇ. ‘ರಾಮ್’ ಎಂಬ ಹೆಸರನ್ನು ತಿದ್ದಲು ಹೋದರೆ, ಅದೇ ಮೂರು ಅಕ್ಷರಗಳಿಂದ ಮುಗಿಯುವ ‘ಪ್ರೋಗ್ರಾಂ’ ಪದವೂ ಕೆಡುತ್ತದೆ. ಅಲ್ಲಿ ಇಡೀ ಪದಕ್ಕೆ ಮಾತ್ರ ಅನ್ವಯಿಸುವ ಆಯ್ಕೆಯನ್ನು ಗುರುತಿಸಬೇಕು. ಪ್ರತಿ ತಿದ್ದುಪಡಿಯ ನಂತರ ಒಂದೆರಡು ಪುಟ ಓದಿಸಿ ಕೇಳುವುದು ಒಳ್ಳೆಯದು.

‘ಸಂ.’ ಎಂಬುದನ್ನೇ ನೋಡಿ. ಅದು ಒಂದು ಕಡೆ ಸಂಪಾದಕ, ಇನ್ನೊಂದು ಕಡೆ ಸಂಪುಟ, ಮತ್ತೊಂದು ಕಡೆ ಸಂಖ್ಯೆ. ಯಾವುದು ಎಲ್ಲಿ ಎಂಬುದನ್ನು ನಿಘಂಟು ತೀರ್ಮಾನಿಸಲಾರದು. ಓದುವವರ ಬುದ್ಧಿಯೇ ತೀರ್ಮಾನಿಸಬೇಕು.

ತಂದೆತಾಯಂದಿರು ಗಮನಿಸಬೇಕಾದ ಮಾತೊಂದಿದೆ. ಕಿವಿಗೆ ಸರಿಯಾಗಿ ಕೇಳಿದ ಮಾತ್ರಕ್ಕೆ ಕಾಗುಣಿತ ಬಂದಂತಲ್ಲ. ಹೊಸ ಪದ ಎದುರಾದಾಗಲೆಲ್ಲ ಬಾಣದ ಕೀಲಿ ಒತ್ತಿ ಒಂದೊಂದೇ ಅಕ್ಷರ ಕೇಳಿಸಿಕೊಳ್ಳುವ ಅಭ್ಯಾಸ ಮಕ್ಕಳಿಗಿರಲಿ. ಬ್ರೈಲ್ ಬಲ್ಲ ಮಗು ಅದನ್ನು ಬೆರಳಿನಿಂದಲೂ ಓದಿಕೊಳ್ಳಲಿ. ನಿಘಂಟಿಗೆ ಪದ ಸೇರಿಸುವ ಕೆಲಸವನ್ನು ಹಿರಿಯರು ಒಮ್ಮೆ ತೋರಿಸಿಕೊಟ್ಟರೆ ಸಾಕು. ಮುಂದಿನದನ್ನು ಮಕ್ಕಳ ಕೈಗೇ ಬಿಡುವುದು ಲೇಸು. ಯಾವ ಪದ ಕಿವಿಗೆ ಚುಚ್ಚುತ್ತದೆಂದು ಬಲ್ಲವರು ಅವರೇ ತಾನೆ?