ಅಧ್ಯಾಯ 6: ಲೆಕ್ಕಪುಸ್ತಕದಲ್ಲಿ ಸಿಕ್ಕಿಬಿದ್ದ ಲಂಚ

2006ರ ನವೆಂಬರ್‌ನಲ್ಲಿ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಪೊಲೀಸರು ಸೀಮೆನ್ಸ್ ಕಂಪನಿಯ ಕಚೇರಿಗಳ ಮೇಲೆ ದಾಳಿ ಮಾಡಿದರು. ರೈಲು, ಟೆಲಿಫೋನ್, ವಿದ್ಯುತ್ ಯಂತ್ರ, ಆಸ್ಪತ್ರೆ ಉಪಕರಣ ಎಲ್ಲವನ್ನೂ ತಯಾರಿಸುತ್ತಿದ್ದ, 1847ರಲ್ಲಿ ಹುಟ್ಟಿದ ಸಂಸ್ಥೆ ಅದು. ಎರಡು ವರ್ಷಗಳ ನಂತರ, 2008ರ ಡಿಸೆಂಬರ್ 15ರಂದು, ಅಮೆರಿಕದ ವಾಷಿಂಗ್ಟನ್‌ನ ನ್ಯಾಯಾಲಯದಲ್ಲಿ ಅದು ತಪ್ಪೊಪ್ಪಿಕೊಂಡಿತು. ಅಮೆರಿಕ ಮತ್ತು ಜರ್ಮನಿಗೆ ಒಟ್ಟಾಗಿ ಕಟ್ಟಿದ ದಂಡ ಸುಮಾರು 160 ಕೋಟಿ ಡಾಲರ್.

ಕಂಪನಿ ಜರ್ಮನಿಯದು. ಲಂಚ ಹರಿದದ್ದು ಅರ್ಜೆಂಟೀನ, ಬಾಂಗ್ಲಾದೇಶ, ವೆನಿಜುವೆಲಾ ಮೊದಲಾದ ದೇಶಗಳಿಗೆ. ಹಾಗಿದ್ದರೆ ಅಮೆರಿಕದ ನ್ಯಾಯಾಲಯಕ್ಕೆ ಇದರಲ್ಲೇನು ಕೆಲಸ?

ಕಾನೂನಿಗೆ ಗಡಿ ದಾಟುವ ಬಲ ಬಂದದ್ದು

1970ರ ದಶಕದಲ್ಲಿ ಅಮೆರಿಕದ ವಾಟರ್‌ಗೇಟ್ ರಾಜಕೀಯ ಹಗರಣದ ತನಿಖೆಯ ಬೆನ್ನಲ್ಲೇ ಅಲ್ಲಿನ 400ಕ್ಕೂ ಹೆಚ್ಚು ಕಂಪನಿಗಳು ವಿದೇಶಗಳಲ್ಲಿ ಸಂದೇಹಾಸ್ಪದವಾಗಿ ಹಣ ಹಂಚಿದ್ದನ್ನು ಒಪ್ಪಿಕೊಂಡವು. ವಿಮಾನ ತಯಾರಿಸುವ ಲಾಕ್‌ಹೀಡ್ ಕಂಪನಿಯ ಲಂಚ ಪ್ರಕರಣದಲ್ಲಿ ಜಪಾನಿನ ಮಾಜಿ ಪ್ರಧಾನಿ ಕಾಕುಯೆ ತನಾಕಾ 1976ರಲ್ಲಿ ಬಂಧನಕ್ಕೊಳಗಾದರು. ಮರುವರ್ಷವೇ, 1977ರಲ್ಲಿ, ಅಮೆರಿಕ ವಿದೇಶಿ ಭ್ರಷ್ಟಾಚಾರ ತಡೆ ಕಾನೂನನ್ನು ತಂದಿತು.

ಅದರಲ್ಲಿ ಎರಡು ಭಾಗಗಳಿವೆ. ವಿದೇಶಿ ಅಧಿಕಾರಿಗೆ ಲಂಚ ಕೊಡುವುದು ಅಪರಾಧ ಎನ್ನುವುದು ಒಂದು. ಅಮೆರಿಕದ ಷೇರುಪೇಟೆಗೆ ಬಂದ ಕಂಪನಿ, ಅದು ಯಾವ ದೇಶದ್ದೇ ಆಗಿರಲಿ, ನಿಜವಾದ ಲೆಕ್ಕವನ್ನೇ ಬರೆದಿಡಬೇಕು, ಹಣದ ಮೇಲೆ ಸರಿಯಾದ ಹಿಡಿತ ಇಟ್ಟಿರಬೇಕು ಎನ್ನುವುದು ಇನ್ನೊಂದು. ಕಾನೂನಿನ ಬಿಗಿಯೆಲ್ಲ ಇರುವುದು ಈ ಎರಡನೆಯದರಲ್ಲಿ. ಲಂಚವನ್ನು ಯಾರೂ ‘ಲಂಚ’ ಎಂದು ಲೆಕ್ಕ ಬರೆಯುವುದಿಲ್ಲ. ‘ಸಲಹಾ ಶುಲ್ಕ’, ‘ಕಮಿಷನ್’ ಎಂದು ಬರೆಯುತ್ತಾರೆ. ಹಾಗೆ ಬರೆದ ಗಳಿಗೆಯಲ್ಲೇ ಎರಡನೆಯ ಅಪರಾಧವೂ ನಡೆದಿರುತ್ತದೆ.

ಸೀಮೆನ್ಸ್ 2001ರ ಮಾರ್ಚ್‌ನಲ್ಲಿ ನ್ಯೂಯಾರ್ಕ್ ಷೇರುಪೇಟೆಗೆ ಬಂತು. ಅಂದಿನಿಂದ ಅದರ ಲೆಕ್ಕಪುಸ್ತಕ ಅಮೆರಿಕದ ಕಾನೂನಿನ ಕಣ್ಣಿಗೆ ಬಿತ್ತು. ವಾಷಿಂಗ್ಟನ್‌ನಲ್ಲಿ ಮಾತೃಕಂಪನಿ ತಪ್ಪೊಪ್ಪಿಕೊಂಡದ್ದು ಕೂಡ ಸುಳ್ಳು ಲೆಕ್ಕ ಮತ್ತು ಹಣದ ಮೇಲಿನ ಹಿಡಿತ ತಪ್ಪಿದ ಆರೋಪಗಳಿಗೇ.

ಹಣ ಹೊರಗೆ ಹೋದ ದಾರಿ

ಜರ್ಮನಿಯಲ್ಲಿ 1999ರವರೆಗೆ ವಿದೇಶಿ ಅಧಿಕಾರಿಗೆ ಕೊಟ್ಟ ಲಂಚವನ್ನು ವ್ಯಾಪಾರದ ಖರ್ಚೆಂದು ತೋರಿಸಿ ತೆರಿಗೆ ವಿನಾಯಿತಿ ಪಡೆಯಬಹುದಿತ್ತು. ಆ ವರ್ಷ ಶ್ರೀಮಂತ ದೇಶಗಳ ಒಕ್ಕೂಟವಾದ ಒಇಸಿಡಿಯ ಲಂಚವಿರೋಧಿ ಒಪ್ಪಂದ ಜಾರಿಗೆ ಬಂದು ಅಲ್ಲಿನ ಕಾನೂನು ಬದಲಾಯಿತು. ಕಂಪನಿಯ ಚಾಳಿ ಬದಲಾಗಲಿಲ್ಲ.

ಸೀಮೆನ್ಸ್ ಕಚೇರಿಯೊಳಗೇ ನಗದು ಕೌಂಟರುಗಳಿದ್ದವು. ನೌಕರರು ಖಾಲಿ ಸೂಟ್‌ಕೇಸ್ ತಂದು, ಒಂದು ಸಲಕ್ಕೆ 10 ಲಕ್ಷ ಯೂರೋವರೆಗೆ ತುಂಬಿಸಿಕೊಂಡು ಹೋಗಬಹುದಿತ್ತು. ಇಂಥ ಪಾವತಿಗೆ ಮೇಲಧಿಕಾರಿಯ ಒಪ್ಪಿಗೆ ಬೇಕಲ್ಲ? ಅಂಟಿಸಿ ಕೀಳಬಹುದಾದ ಪೋಸ್ಟ್-ಇಟ್ ಚೀಟಿಯ ಮೇಲೆ ಸಹಿಯಾಗುತ್ತಿತ್ತು. ಹಣ ಹೊರಟ ಮೇಲೆ ಚೀಟಿ ಕಿತ್ತರೆ ಸಹಿಯೂ ಇಲ್ಲ, ಸಾಕ್ಷಿಯೂ ಇಲ್ಲ. ಉಳಿದ ಹಣ ‘ಕನ್ಸಲ್ಟೆಂಟ್’ ಎಂಬ ಹಣೆಪಟ್ಟಿ ಹೊತ್ತ ಮಧ್ಯವರ್ತಿಗಳ ಮೂಲಕ ಸಾಗಿತು. ಅಮೆರಿಕದ ಷೇರುಪೇಟೆ ನಿಯಂತ್ರಕ ಸಂಸ್ಥೆಯ ಲೆಕ್ಕದಲ್ಲಿ 2001ರಿಂದ 2007ರವರೆಗೆ ನಡೆದ ಲಂಚದ ಪಾವತಿಗಳು ಕನಿಷ್ಠ 4,283. ಮೊತ್ತ ಸುಮಾರು 140 ಕೋಟಿ ಡಾಲರ್.

ಬಾಂಗ್ಲಾದೇಶದ ಸರ್ಕಾರಿ ಮೊಬೈಲ್ ಯೋಜನೆಯೊಂದಕ್ಕಾಗಿಯೇ 50 ಲಕ್ಷ ಡಾಲರಿಗೂ ಹೆಚ್ಚು ಲಂಚ ಹೋಯಿತು. ಇಂಥ ಹೊರೆಯನ್ನು ಕೊನೆಗೆ ಹೊರುವವರು ಆ ಬಡ ದೇಶದ ಜನ. 2009ರ ಜನವರಿಯಲ್ಲಿ ಅಮೆರಿಕ, ಬಾಂಗ್ಲಾದೇಶದ ಲಂಚ ಪ್ರಕರಣಗಳಿಗೆ ಸಂಬಂಧಿಸಿದ ಸುಮಾರು 30 ಲಕ್ಷ ಡಾಲರನ್ನು ಮುಟ್ಟುಗೋಲು ಹಾಕಿಕೊಳ್ಳಲು ದಾವೆ ಹೂಡಿತು. ಆ ಹಣ ಇದ್ದದ್ದು ಸಿಂಗಪುರದ ಖಾತೆಗಳಲ್ಲಿ. ಡಾಲರಿನಲ್ಲಿ ಸಾಗಿದ ಹಣ ಸಾಮಾನ್ಯವಾಗಿ ಅಮೆರಿಕದ ಬ್ಯಾಂಕುಗಳನ್ನು ಹಾದೇ ಹೋಗುತ್ತದೆ. ಅಲ್ಲಿ ಬಿದ್ದ ಹೆಜ್ಜೆಗುರುತು ಅಳಿಯುವುದಿಲ್ಲ.

ನಿಯಮ ಇತ್ತು, ಪಾಲನೆ ಇರಲಿಲ್ಲ

ಸೀಮೆನ್ಸ್‌ನಲ್ಲಿ ಲಂಚವಿರೋಧಿ ಸುತ್ತೋಲೆಗಳು ಇದ್ದವು. ಅವುಗಳನ್ನು ಜಾರಿಗೊಳಿಸುವ ಕಂಪ್ಲಯನ್ಸ್ ವಿಭಾಗಕ್ಕೆ ಸಾಕಷ್ಟು ಸಿಬ್ಬಂದಿ ಇರಲಿಲ್ಲ, ಮೇಲಿನವರ ಬೆಂಬಲವಂತೂ ಇರಲೇ ಇಲ್ಲ. ಗುತ್ತಿಗೆ ತಂದವನಿಗೆ ಬಡ್ತಿ ಕೊಟ್ಟು, ಹೇಗೆ ತಂದೆ ಎಂದು ಕೇಳದ ಕಡೆ ಸುತ್ತೋಲೆ ಬರೀ ಕಾಗದ.

ದಾಳಿಯ ನಂತರ ಕಂಪನಿ ಬದಲಾದ ರೀತಿಯನ್ನು ಗಮನಿಸಬೇಕು. 2007ರಲ್ಲಿ ಪೀಟರ್ ಲೋಷರ್ ಮುಖ್ಯಸ್ಥರಾದರು. ಹೊರಗಿನಿಂದ ಬಂದು ಆ ಹುದ್ದೆಗೇರಿದವರಲ್ಲಿ ಅವರೇ ಮೊದಲಿಗರು. ತಾವಾಗಿ ಬಂದು ನಿಜ ಹೇಳಿದ ನೌಕರರಿಗೆ ಕ್ಷಮಾದಾನದ ಅವಕಾಶ ನೀಡಲಾಯಿತು. ಜರ್ಮನಿಯ ಮಾಜಿ ಹಣಕಾಸು ಸಚಿವ ಥಿಯೋ ವೈಗಲ್ ಸ್ವತಂತ್ರ ಮೇಲ್ವಿಚಾರಕರಾದರು. ಇದೆಲ್ಲ ದಂಡ ನಿಗದಿಯಾಗುವಾಗ ಲೆಕ್ಕಕ್ಕೆ ಬಂತು. ಅಮೆರಿಕದ ಶಿಕ್ಷಾ ಮಾರ್ಗಸೂಚಿಯಂತೆ ನ್ಯಾಯ ಇಲಾಖೆಯ ಪ್ರಕರಣವೊಂದರಲ್ಲೇ ದಂಡ 135 ಕೋಟಿಯಿಂದ 270 ಕೋಟಿ ಡಾಲರ್ ಆಗಬೇಕಿತ್ತು; ಆದದ್ದು 45 ಕೋಟಿ.

ಒಂದೇ ತಪ್ಪಿಗೆ ಹಲವು ದೇಶಗಳ ವಿಚಾರಣೆ

ಈಗ ಒಂದು ದೇಶದಲ್ಲಿ ರಾಜಿಯಾದರೆ ಕಥೆ ಮುಗಿಯುವುದಿಲ್ಲ. 2020ರ ಜನವರಿಯಲ್ಲಿ ಏರ್‌ಬಸ್ ಕಂಪನಿ ಫ್ರಾನ್ಸ್, ಬ್ರಿಟನ್ ಮತ್ತು ಅಮೆರಿಕಕ್ಕೆ ಒಟ್ಟು 360 ಕೋಟಿ ಯೂರೋ ತೆರಬೇಕಾಯಿತು. ಮೂರೂ ದೇಶಗಳ ತನಿಖಾಧಿಕಾರಿಗಳು ಮಾಹಿತಿ ಹಂಚಿಕೊಂಡು ಪ್ರಕರಣ ನಡೆಸಿದ್ದರು.

ಬೆಂಗಳೂರಿಗೂ ಇಂಥದೊಂದು ಪ್ರಕರಣದ ನಂಟಿದೆ. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಇಲ್ಲಿನ ಪ್ರಯೋಗಾಲಯ ರೂಪಿಸಿದ ‘ನೇತ್ರ’ ವೈಮಾನಿಕ ಕಣ್ಗಾವಲು ವ್ಯವಸ್ಥೆಗೆ ಬ್ರೆಜಿಲ್‌ನ ಎಂಬ್ರೇರ್ ಕಂಪನಿಯಿಂದ ಮೂರು ವಿಮಾನ ಕೊಳ್ಳಲಾಯಿತು. ಆ ವ್ಯವಹಾರದಲ್ಲಿ ಮಧ್ಯವರ್ತಿಯೊಬ್ಬರಿಗೆ 57.6 ಲಕ್ಷ ಡಾಲರ್ ಕೊಟ್ಟು, ಸುಳ್ಳು ಒಪ್ಪಂದ ಸೃಷ್ಟಿಸಿ ಲೆಕ್ಕ ಬರೆದದ್ದನ್ನು ಕಂಪನಿ 2016ರಲ್ಲಿ ಅಮೆರಿಕದ ಅಧಿಕಾರಿಗಳ ಮುಂದೆ ಒಪ್ಪಿಕೊಂಡಿತು. ಇದೂ ಸೇರಿ ನಾಲ್ಕು ದೇಶಗಳ ವ್ಯವಹಾರಗಳಿಗೆ ಅದು ತೆತ್ತದ್ದು 20 ಕೋಟಿ ಡಾಲರಿಗೂ ಹೆಚ್ಚು. ಬ್ರೆಜಿಲ್ ಕಂಪನಿ, ಭಾರತದ ಖರೀದಿ, ಅಮೆರಿಕದ ದಂಡ!

ನಮ್ಮ ಕಾನೂನು ಏನು ಹೇಳುತ್ತದೆ

ಭಾರತದ ಭ್ರಷ್ಟಾಚಾರ ತಡೆ ಕಾಯ್ದೆ 1988ರದು. 2018ರ ತಿದ್ದುಪಡಿ ಅದಕ್ಕೆ ಹೊಸ ಹಲ್ಲು ಕೊಟ್ಟಿತು. ಲಂಚ ಕೊಟ್ಟವರಿಗೆ 7 ವರ್ಷದವರೆಗೆ ಸೆರೆವಾಸ ಆಗಬಹುದು. ಬಲವಂತಕ್ಕೆ ಸಿಲುಕಿ ಕೊಟ್ಟವರು 7 ದಿನದೊಳಗೆ ಪೊಲೀಸರಿಗೆ ಅಥವಾ ತನಿಖಾ ಸಂಸ್ಥೆಗೆ ತಿಳಿಸಿದರೆ ಅವರಿಗೆ ರಕ್ಷಣೆ ಇದೆ. ಕಂಪನಿಯ ಪರವಾಗಿ ಯಾರೇ ಲಂಚ ಕೊಟ್ಟರೂ, ಏಜೆಂಟ್ ಕೊಟ್ಟರೂ, ಕಂಪನಿಯೇ ಆರೋಪಿ. ಅದನ್ನು ತಡೆಯಲು ತಕ್ಕ ವ್ಯವಸ್ಥೆ ಇಟ್ಟಿದ್ದೆವೆಂದು ಸಾಬೀತು ಮಾಡಿದರೆ ಮಾತ್ರ ಪಾರಾಗಬಹುದು. ನಿರ್ದೇಶಕರ ಸಮ್ಮತಿ ಅಥವಾ ಶಾಮೀಲು ರುಜುವಾತಾದರೆ ಅವರಿಗೂ ಜೈಲು. ಬ್ರಿಟನ್ನಿನ 2010ರ ಕಾನೂನಿನಲ್ಲೂ ಕಂಪನಿಯ ಹೊಣೆ ಇಂಥದೇ.

ಕಡತ ಬೇಗ ಸರಿಯಲೆಂದು ಗುಮಾಸ್ತರಿಗೆ ಕೊಡುವ ‘ಮಾಮೂಲು’ ವಿಷಯದಲ್ಲಿ ಅನೇಕರು ಎಡವುತ್ತಾರೆ. ಅಮೆರಿಕದ ಕಾನೂನು ಅಂಥ ಸಣ್ಣ ಪಾವತಿಗೆ ಸೀಮಿತ ವಿನಾಯಿತಿ ಕೊಡುತ್ತದೆ. ಬ್ರಿಟನ್ ಕೊಡುವುದಿಲ್ಲ, ಭಾರತವೂ ಕೊಡುವುದಿಲ್ಲ.

ಗಾಳಿ ಬದಲಾಗಿದೆಯೇ?

2025ರ ಫೆಬ್ರುವರಿಯಲ್ಲಿ ಅಧ್ಯಕ್ಷ ಟ್ರಂಪ್ ಅಮೆರಿಕದ 1977ರ ಕಾನೂನಿನ ಜಾರಿಯನ್ನು 180 ದಿನಗಳ ಮಟ್ಟಿಗೆ ತಡೆಹಿಡಿದರು. ಜೂನ್‌ನಲ್ಲಿ ಹೊಸ ಮಾರ್ಗಸೂಚಿ ಬಂತು. ಇನ್ನೇನು ಭಯವಿಲ್ಲ ಎಂದುಕೊಂಡವರು ಎರಡು ಸಂಗತಿ ನೆನಪಿಡಬೇಕು. ಕಾನೂನು ರದ್ದಾಗಿಲ್ಲ, ಲಂಚ ಕೊಟ್ಟು ಐದು ವರ್ಷದವರೆಗೆ ಮೊಕದ್ದಮೆ ಹೂಡಬಹುದು, ಅಷ್ಟರಲ್ಲಿ ಸರ್ಕಾರ ಬದಲಾಗಬಹುದು. ಇತ್ತ ಅದೇ ವರ್ಷದ ಮಾರ್ಚ್‌ನಲ್ಲಿ ಬ್ರಿಟನ್, ಫ್ರಾನ್ಸ್ ಮತ್ತು ಸ್ವಿಟ್ಜರ್ಲೆಂಡ್ ಸೇರಿ ಭ್ರಷ್ಟಾಚಾರ ಪ್ರಕರಣಗಳಿಗೆ ಜಂಟಿ ಕಾರ್ಯಪಡೆ ರಚಿಸಿದವು.

ವಿದೇಶಿ ಕಂಪನಿಗೆ ಬಿಡಿಭಾಗ ಒದಗಿಸುವ ಸಣ್ಣ ಕಾರ್ಖಾನೆಯ ಮಾಲೀಕರಿಗೂ, ಅದರ ಬಿಲ್ ಬರೆಯುವ ಅಕೌಂಟೆಂಟ್‌ಗೂ ಇದು ದೂರದ ಸುದ್ದಿಯಲ್ಲ. ಗುತ್ತಿಗೆ ಪತ್ರದ ಜೊತೆ ಬರುವ ಲಂಚವಿರೋಧಿ ಕರಾರನ್ನು ಓದಿ ಸಹಿ ಹಾಕಿ. ಮಧ್ಯವರ್ತಿ ಯಾರು, ಏನು ಕೆಲಸ ಮಾಡಿದರು, ಕೇಳಿದ ಹಣ ಆ ಕೆಲಸಕ್ಕೆ ತಕ್ಕುದೇ ಎಂದು ವಿಚಾರಿಸಿ. ಉತ್ತರ ಸಿಗದ ಬಿಲ್ಲನ್ನು ಲೆಕ್ಕಕ್ಕೆ ಸೇರಿಸಬೇಡಿ. ನಿಮ್ಮ ಮೇಲಿನವರು ಬಾಯಿಮಾತಿನಲ್ಲಿ ಹೇಳಿದ್ದನ್ನು ಬರಹದಲ್ಲಿ ಕೊಡಲು ಕೇಳಿ. ನಿಮ್ಮ ಸಹಿಗೆ ನೀವೇ ಹೊಣೆ.